ಕಾಫಿ ಮಗ್ಗಿನ ಮದುವಣಗಿತ್ತಿ

ಮರಳವಾಡಿಯಲ್ಲಿ ಭಾನುಪ್ರಿಯಳ ಮಗುವಿಗೆ ಹೆಸರಿಟ್ಟ ದಿನ, ಊಟ ಮುಗಿಸಿದವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಪಿಂಗಾಣಿ ಮಗ್ ಸಿಕ್ಕಿತು. ಮಗ್ಗಿನ ಮೇಲೆ ಹಳೇ ಕಾಲದ ಮದುವೆ ಫೋಟೊ. ಕೋಟು, ಪೇಟ ತೊಟ್ಟ, ಈಗ ಬದುಕಿಲ್ಲದ ತಾತ ಬೋರಲಿಂಗಯ್ಯ, ಪಕ್ಕದಲ್ಲಿ ಹೂವಿನ ಹಾರದ ಹುಡುಗಿ. ಕೆಳಗೆ ‘ನಮ್ಮ ಅಜ್ಜಿ ತಾತ’ ಎಂಬ ಬಣ್ಣದ ಅಕ್ಷರ.

ಮೊದಲ ಮಗ್ಗನ್ನು ಭಾನುಪ್ರಿಯ ಅಜ್ಜಿ ಸಿದ್ದಮ್ಮನ ಕೈಗೇ ಕೊಟ್ಟಳು. ಸಿದ್ದಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.

“ಇದು ನಾನಲ್ಲ ಕಣಮ್ಮಿ.”

ಎಲ್ಲರೂ ಗೊಳ್ಳೆಂದು ನಕ್ಕರು.

“ನಮ್ಮಕ್ಕ ಇವಳು. ದೊಡ್ಡಲಕ್ಷ್ಮಮ್ಮ.”

“ಅವ್ವ, ಬಂದೋರ ಮುಂದೆ ಒಸಿ ಸುಮ್ಕಿರು,” ಎಂದ ಮಗ ನಾಗರಾಜು.

ಬೋರಲಿಂಗಯ್ಯ ಮೊದಲು ಕೈಹಿಡಿದದ್ದು ಅಕ್ಕನನ್ನು. ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಹೋದರು. ವರ್ಷ ತುಂಬುವ ಮೊದಲೇ ತಂಗಿಯನ್ನು ಅದೇ ಮನೆಗೆ ತಂದುಕೊಂಡರು. ಗುಡಿಯಲ್ಲಿ ತಾಳಿ ಕಟ್ಟಿಸಿದರು, ಫೋಟೊದವನನ್ನು ಕರೆಯುವ ಮನಸ್ಸು ಯಾರಿಗೂ ಇರಲಿಲ್ಲ. ತಾತನಿಗೆ ಮೊದಲೊಬ್ಬ ಹೆಂಡತಿ ಇದ್ದಳೆಂದು ಮನೆಯವರಿಗೆಲ್ಲ ಗೊತ್ತು. ಅವಳ ಮುಖ ಮಾತ್ರ ಸಿದ್ದಮ್ಮನ ಹೊರತು ಯಾರಿಗೂ ಗೊತ್ತಿಲ್ಲ. ಟ್ರಂಕಿನ ತಳದಲ್ಲಿ ಫೋಟೊ ಸಿಕ್ಕಾಗ ಭಾನುಪ್ರಿಯ ಯಾರನ್ನೂ ಕೇಳದೆ ಕನಕಪುರದ ಅಂಗಡಿಗೆ ಒಯ್ದಿದ್ದಳು.

“ಚಿಕ್ಕೋಳಿದ್ದಾಗ ಅಕ್ಕಂಗೆ ಕರು ಒದ್ದಿತ್ತು. ಗದ್ದದ ಮ್ಯಾಲೆ ಇಷ್ಟುದ್ದ ಗಾಯ ಇತ್ತು, ನೋಡ್ರೀ,” ಎಂದು ಸಿದ್ದಮ್ಮ ಮಗ್ಗನ್ನು ಬೆಳಕಿಗೆ ಹಿಡಿದಳು.

“ಎಲ್ಲೈತೆ ಗಾಯ? ನಿನ್ ಗದ್ದದ್ ಥರಾನೇ ನುಣ್ಣಗೈತಲ್ಲಜ್ಜಿ!” ಎಂದಳು ಭಾನುಪ್ರಿಯ.

ನಿಜವಾಗಿಯೂ ಗಾಯ ಇರಲಿಲ್ಲ. ಒಂದು ಗಳಿಗೆ ಸಿದ್ದಮ್ಮನಿಗೆ ತನ್ನ ಮೇಲೇ ಅನುಮಾನ ಬಂತು. ಇದು ನಾನೇ ಇರಬಹುದೇ? ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನ ಪಕ್ಕದಲ್ಲಿ ಮಲಗಿ, ಆ ಗಾಯವನ್ನು ಬೆರಳಲ್ಲಿ ಸವರುತ್ತ ನಿದ್ದೆ ಹೋಗುತ್ತಿದ್ದವಳು ಅವಳು.

ಮರುದಿನ ಅಂಗಡಿಗೆ ಹೋಗೋಣವೆಂದು ಹಟ ಹಿಡಿದಳು. ಬೇಸರದಿಂದಲೇ ಮೊಮ್ಮಗಳು ಜೊತೆಗೆ ಬಸ್ಸು ಹತ್ತಿದಳು. ಅಂಗಡಿಯ ಸಾಬೀರ್ ಕಂಪ್ಯೂಟರಿನಲ್ಲಿ ಮೂಲ ಫೋಟೊ ತೆರೆದ. ಗದ್ದದ ಮೇಲೆ ಗಾಯ ಎದ್ದು ಕಾಣುತ್ತಿತ್ತು.

“ಫೋಟೊ ಹಳೇದಾಗಿ ಬಿರುಕು ಬಿಟ್ಟೈತೆ ಅಂದ್ಕೊಂಡು ನಾನೇ ಅಳಿಸ್ಬುಟ್ಟೆ ಅಜ್ಜಿ. ಬರೋರೆಲ್ಲ ನೀಟ್ ಮಾಡ್ಕೊಡಿ ಅಂತಾರಲ್ಲ.”

ಭಾನುಪ್ರಿಯಳ ಮುಖ ಇಳಿದುಹೋಯಿತು. “ತಪ್ಪಾಯ್ತಜ್ಜಿ. ನಿನ್ ಮದುವೆ ಫೋಟೊ ಕೊಡು, ಅದನ್ನೇ ಹಾಕಿಸ್ತೀನಿ.”

“ಇದ್ರೆ ತಾನೇ ಕೊಡೋದು?”

“ಚಿಂತೆ ಬ್ಯಾಡ,” ಎಂದ ಸಾಬೀರ್. “ಅಜ್ಜಿ ಮುಖಾನ ವಯಸ್ಸು ಕಮ್ಮಿ ಮಾಡಿ ಇದೇ ಹುಡುಗಿ ಕತ್ತಿನ ಮ್ಯಾಲೆ ಕೂರಿಸ್ಬುಡ್ತೀನಿ. ಗೊತ್ತೇ ಆಗಲ್ಲ.”

ಸಿದ್ದಮ್ಮ ಪರದೆಗೆ ಕೈ ಅಡ್ಡ ಹಿಡಿದಳು. “ಅವಳ ಗಂಡ, ಅವಳ ಮನೆ, ಅವಳ ಸೀರೆ, ಎಲ್ಲಾ ನಂಗೇ ಬಂದಾಯ್ತು. ಈಗ ಅವಳ ಕತ್ತಿನ ಮ್ಯಾಲೂ ನನ್ ಮುಖಾನೇ ಕೂರಿಸ್ತೀಯೇನಪ್ಪಾ?”

ಸಾಬೀರ್ ಮೌಸಿನಿಂದ ಕೈ ತೆಗೆದ.

“ಗಾಯ ಇರೋ ಹಂಗೇ ಒಂದು ಮಾಡ್ಕೊಡು. ಅವಳ ಹೆಸರು ಹಾಕು.”

ಹೊಸ ಮಗ್ ಹಿಡಿದು ಮನೆಗೆ ಬಂದರೆ, ಜಗಲಿಯಲ್ಲಿ ನಾಗರಾಜು ಹಳೇ ಮಗ್ಗಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದ. ಭಾನುಪ್ರಿಯ ಎಲ್ಲವನ್ನೂ ಹೇಳಿದಳು.

“ಹೋಗ್ಲಿ ಬುಡವ್ವ. ನೆಂಟ್ರೆಲ್ಲ ಆಗ್ಲೇ ತಕ್ಕೊಂಡೋಗವ್ರೆ. ಯಾರಿಗ್ ಗೊತ್ತಾಯ್ತದೆ?”

“ನಂಗೆ ಗೊತ್ತಲ್ಲ! ಫೋನ್ ಹಚ್ಚು ಅವರಿಗೆಲ್ಲ.”

“ಒಂದು ಮಗ್ಗಿಗೋಸ್ಕರ ಫೋನಾ?” ಎಂದು ಅವನು ಎದ್ದು ಒಳಗೆ ಹೋದ.

ಭಾನುಪ್ರಿಯ ಉಯ್ಯಂಬಳ್ಳಿಯಲ್ಲಿರುವ ಅಜ್ಜಿಯ ನಾದಿನಿಯ, ದೊಡ್ಡಲಕ್ಷ್ಮಮ್ಮ ತೀರಿಕೊಂಡಾಗ ಇನ್ನೂ ತೊಟ್ಟಿಲಲ್ಲಿದ್ದವಳ, ನಂಬರ್ ಒತ್ತಿ ಫೋನು ಅಜ್ಜಿಯ ಕೈಗಿಟ್ಟಳು.

“ಆ ಮಗ್ಗಿನಾಗಿರೋಳು ನಾನಲ್ಲ ಕಣವ್ವ, ನಮ್ಮಕ್ಕ...”

“ಏನತ್ಗೆ? ಸರ್ಯಾಗಿ ಕೇಳ್ತಿಲ್ಲ. ಮಗ್ ಬಲೇ ಚೆಂದಾಗೈತೆ. ನೀನಂತೂ ಅದ್ರಾಗೆ ಗೊಂಬೆ ಹಂಗಿದ್ದೀಯ!”

ಸಿದ್ದಮ್ಮ ಹಲ್ಲು ಕಚ್ಚಿದಳು. ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದಳು.