ಕಲಿನಾ ತಲೆ ಆಡಿಸಿದ್ದು

ಸ್ವಿಲೆನ್‌ನ ಮಗಳು ಕಲಿನಾ ಮೂರು ತಿಂಗಳಿಂದ ತನ್ನ ಎಡಗೆನ್ನೆಗೆ ತಾನೇ ಗುದ್ದಿಕೊಳ್ಳುತ್ತಿದ್ದಳು. ಎಂಟು ವರ್ಷದ ಹುಡುಗಿ, ಆಟಿಸಂ ಇದೆ, ಮಾತಿಲ್ಲ. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಯಾಂಬೋಲ್ ಊರಲ್ಲಿ ಬಸ್ ಓಡಿಸುವ ಸ್ವಿಲೆನ್, ಅವಳ ಕೈ ಹಿಡಿದು ಹತ್ತದ ಆಸ್ಪತ್ರೆ ಮೆಟ್ಟಿಲಿಲ್ಲ. ನರರೋಗದವರು ಒಂದು ಕಟ್ಟಡ, ಹೊಟ್ಟೆಯವರು ಇನ್ನೊಂದು, ಹಲ್ಲಿನವರು ರೈಲು ನಿಲ್ದಾಣದ ಆಚೆ. ಒಬ್ಬರು ಬರೆದದ್ದು ಇನ್ನೊಬ್ಬರ ಮೇಜು ಸೇರಬೇಕಾದರೆ ಸ್ವಿಲೆನ್‌ನ ಕಂಕುಳಲ್ಲೇ ಹೋಗಬೇಕು. ಹೋದರೂ ಓದುವವರು ಯಾರು?

ಎಲ್ಲರೂ ಕೇಳಿದ್ದು ಮಾತ್ರ ಒಂದೇ. "ನೋವಾಗ್ತಿದೆಯಾ ಪುಟ್ಟಿ?"

ಕಲಿನಾ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದಳು. ನಮ್ಮ ಬಲ್ಗೇರಿಯಾದಲ್ಲಿ ಹಾಗೆ ಆಡಿಸಿದರೆ ಇಲ್ಲ ಎಂದು, ಅಡ್ಡಡ್ಡ ಆಡಿಸಿದರೆ ಹೌದು ಎಂದು. ಮೊಲೆ ಬಿಡದ ಕೂಸಿಗೂ ಗೊತ್ತಿರುವ ಸಂಗತಿ. ಹಲ್ಲಿನ ವೈದ್ಯರು, "ಬಾಯಿ ತೆಗೀತೀಯಾ?" ಎಂದರು. ಮತ್ತೆ ಮೇಲೆ ಕೆಳಗೆ. "ಇಲ್ಲ ಅಂತಿದಾಳೆ, ಯಾಕೆ ಹಿಂಸೆ ಕೊಡೋದು?" ಎಂದು ಕಳಿಸಿಬಿಟ್ಟರು. ನರರೋಗದ ಡಾಕ್ಟರ್ ಪಾಶೋವ್, ಇದು ಆಟಿಸಂನದೇ ಚಾಳಿ ಎಂದು ಮಾತ್ರೆ ಬರೆದು, ಆಮೇಲೆ ಇಮ್ಮಡಿ ಮಾಡಿದರು. ಮಗು ಮಂಕಾಯಿತು, ಗುದ್ದುವುದು ನಿಲ್ಲಲಿಲ್ಲ. ಕೊನೆಗೆ ದೂರದ ಮಾನಸಿಕ ಆಸ್ಪತ್ರೆಗೆ ಸೇರಿಸುವುದೆಂದಾಯಿತು. ಸೋಮವಾರ ಎಂದು ದಿನವೂ ನಿಗದಿಯಾಯಿತು. ಅಲ್ಲಿ ಅಪ್ಪನನ್ನು ಜೊತೆಗಿರಲು ಬಿಡುವುದಿಲ್ಲ.

ಅವರ ಕುಟುಂಬದ ವೈದ್ಯೆ ಗೆನೋವಾ ಹಟಮಾರಿ ಹೆಂಗಸು. "ಕಾಗದಕ್ಕೆ ಸಹಿ ಬೀಳೋಕೆ ಮುಂಚೆ ಎಲ್ರೂ ಒಂದ್ಸಲ ನನ್ನ ಕೋಣೇಲಿ ಕೂತ್ಕೊಳ್ಳಿ. ಬನಿತ್ಸಾ ಮಾಡ್ಕೊಂಡ್ ಬರ್ತೀನಿ, ತಿನ್ನೋಕಾದ್ರೂ ಬನ್ನಿ," ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿದರು. ಗುರುವಾರ ಎಲ್ಲರೂ ಬಂದರು, ಸ್ವಿಲೆನ್ ಮಗಳನ್ನು ಕರೆತಂದ. ಕಲಿನಾಳ ಕಲಿಕಾ ಕೇಂದ್ರದ ಟೀಚರ್ ಎಲಿತ್ಸಾಳನ್ನು ಇಷ್ಟು ದಿನ ಯಾರೂ ಕರೆದಿರಲಿಲ್ಲ. ಅವಳು ಬಾಗಿಲ ಪಕ್ಕ ಕೂತಳು.

ಪಾಶೋವ್ ಶುರುಮಾಡಿದರು. "ನಾವೆಲ್ಲ ಕೇಳಾಗಿದೆ. ಇನ್ನೊಂದ್ಸಲ ಬೇಕಾದ್ರೆ ನೋಡಿ. ಕಲಿನಾ, ನೋವಿದೆಯಾ ನಿಂಗೆ?"

ಮೇಲೆ ಕೆಳಗೆ.

"ನೋಡಿದ್ರಾ? ಇಲ್ಲ."

"ಹೌದು ಅಂತಿದಾಳಲ್ಲ ಡಾಕ್ಟ್ರೇ," ಎಂದಳು ಎಲಿತ್ಸಾ.

ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಅವಳು ತಲೆ ಆಡಿಸೋದು ಕಲ್ತಿದ್ದೇ ಟ್ಯಾಬ್ಲೆಟ್ಟಲ್ಲಿ, ಪರದೇಶದ ಕಾರ್ಟೂನ್ ನೋಡಿ. ಅಲ್ಲಿಯೋರು ನಮಗೆ ಉಲ್ಟಾ ಆಡಿಸ್ತಾರೆ. ಮಾರ್ಚ್‌ನಲ್ಲೇ ಬರೆದಿಟ್ಟಿದೀನಿ."

"ಎಲ್ಲಿ?" ಎಂದರು ಗೆನೋವಾ.

"ಕೇಂದ್ರದ ಫೈಲಲ್ಲಿ. ಅದನ್ನ ನಿಮ್ಮ ಕಡೆ ಯಾರೂ ಕೇಳೋದೇ ಇಲ್ವಲ್ಲ. ಅಪ್ಪನಿಗಂತೂ ಗೊತ್ತೇ ಇರುತ್ತೆ ಅಂದ್ಕೊಂಡಿದ್ದೆ."

ಹಲ್ಲಿನ ವೈದ್ಯರು ಎದ್ದು ಬಂದು ಮಗುವಿನ ಮುಂದೆ ಮಂಡಿಯೂರಿದರು. "ಬಾಯಿ ತೆಗೀತೀಯಾ ಕಂದಾ?"

ಕಲಿನಾ ತಲೆ ಮೇಲೆ ಕೆಳಗೆ ಆಡಿಸಿದಳು. ಅವರು ಕಾದರು. ಅವಳು ಬಾಯಿ ತೆರೆದಳು. ಕೀವಿನ ವಾಸನೆ ಎಲ್ಲರ ಮೂಗಿಗೂ ಬಡಿಯಿತು. ಎಡದ ದವಡೆ ಹಲ್ಲು ಬುಡದವರೆಗೂ ಕೊಳೆತು, ವಸಡು ಊದಿಕೊಂಡಿತ್ತು. ಪಾಶೋವ್ ಸಹಿಯಾಗದ ಕಾಗದವನ್ನು ಮಡಚಿ ಜೇಬಿಗಿಟ್ಟರು.

ಸ್ವಿಲೆನ್‌ಗೆ ಸಿಡಿಲು ಬಡಿದಂತಾಗಿತ್ತು, ಕೊಳೆತ ಹಲ್ಲು ಕಂಡಿದ್ದಕ್ಕಷ್ಟೇ ಅಲ್ಲ. ಮನೆಯಲ್ಲಿ ಬೇಕು ಬೇಡ ಕೇಳುವ ಪ್ರಮೇಯವೇ ಇರಲಿಲ್ಲ. ಬೇಕಾದ್ದರ ಹತ್ತಿರ ಅವಳೇ ಅವನ ಕೈ ಹಿಡಿದು ಎಳೆಯುತ್ತಿದ್ದಳು. ಅವನು ದಿನವೂ ಕೇಳುತ್ತಿದ್ದದ್ದು ಎರಡೇ. ನೋವಿದೆಯಾ ಎಂಬುದೊಂದು. ಕೇಂದ್ರದ ಬಾಗಿಲಲ್ಲಿ, ಪಾಳಿಗೆ ಹೊತ್ತಾಗುತ್ತಿದ್ದರೂ, "ಅಪ್ಪ ಇನ್ನೊಂದ್ ಸ್ವಲ್ಪ ಇರಲಾ?" ಎಂಬುದೊಂದು. ತಲೆ ಮೇಲೆ ಕೆಳಗೆ. ಬೇಡವಂತೆ, ಎಷ್ಟು ಜಾಣೆ ನನ್ನ ಮಗಳು ಎಂದು ಹಿಗ್ಗಿ ನಡೆದುಬಿಡುತ್ತಿದ್ದ. ಬೆನ್ನ ಹಿಂದೆ ಅವಳು ಕಿರುಚುತ್ತಿದ್ದಳು. ಅದಕ್ಕೂ ಆಟಿಸಂ ಅಂತಲೇ ಹೆಸರಿಟ್ಟಿದ್ದರು.

"ಇರು ಅಂದಾಗೆಲ್ಲ ಬಿಟ್ಟು ಹೋದೆ ನಾನು," ಎಂದ.

ಮರುದಿನ ಬೆಳಿಗ್ಗೆಯೇ ಹಲ್ಲು ತೆಗೆಯಲು ಏರ್ಪಾಡಾಯಿತು. ಅರಿವಳಿಕೆ ಕೊಡುವ ಕೋಣೆಯಲ್ಲಿ ಕಲಿನಾ ಮೇಜಿನ ಮೇಲೆ ಮುದುಡಿ ಮಲಗಿದ್ದಳು. ಸ್ವಿಲೆನ್ ಬಗ್ಗಿ ಕೇಳಿದ, "ಅಪ್ಪ ಇಲ್ಲೇ ಇರಲಾ ಪುಟ್ಟಿ?"

ಅವಳು ತಲೆಯನ್ನು ಮೇಲೆ ಕೆಳಗೆ ಆಡಿಸಿದಳು.

ಹೊಸದಾಗಿ ಬಂದ ನರ್ಸ್ ಬಾಗಿಲು ತೆರೆದು ಹಿಡಿದಳು. "ಬೇಡ ಅಂತಿದಾಳಲ್ಲ, ಹೊರಗಿರಿ ಅಣ್ಣಾ."

"ಇಲ್ಲ ತಾಯಿ, ಇರು ಅಂತಿದಾಳೆ," ಎಂದು ಸ್ವಿಲೆನ್ ಸ್ಟೂಲು ಎಳೆದುಕೊಂಡು ಕೂತ.