ತಪ್ಪು ಪಾತ್ರೆಯದಲ್ಲ

ಮರ್ಲ್ ಕೋಲ್‌ಸ್ಟಾಡ್ ಸಾಯುವ ಮುಂಚಿನ ಎರಡು ವರ್ಷಗಳಲ್ಲಿ ಸೀಸ ಕರಗಿಸುವ ಪಾತ್ರೆಗಳನ್ನು ಒಂದರ ಹಿಂದೊಂದರಂತೆ ಮೂರು ಕೊಂಡು, ಮೂರನ್ನೂ ಹಾಳು ಪಾತ್ರೆಗಳೆಂದು ಬೈದು ಶೆಡ್ಡಿನ ಮೂಲೆಗೆ ಒಗೆದಿದ್ದ. ಹಾಗಾಗಿ ನಾಲ್ಕನೆಯದನ್ನು ಕೊಳ್ಳುವ ಕೆಲಸ ತನ್ನ ಪಾಲಿಗೆ ಬಂದಾಗ ಅವನ ಹೆಂಡತಿ ಆರ್ಡಿತ್ ನೂರು ಸಲ ಯೋಚಿಸಿಯೇ ಕೊಳ್ಳಬೇಕೆಂದು ತೀರ್ಮಾನಿಸಿದಳು.

ಅರವತ್ತೊಂದು ವರ್ಷದ ಆರ್ಡಿತ್ ಮೊಂಟಾನಾದ ಟಾಲೊ ಕ್ರೀಕ್ ಊರಿನ ಸ್ಕೂಲ್ ಬಸ್ಸು ಓಡಿಸುತ್ತಿದ್ದಳು. ಬಂದೂಕು ಅವಳಿಗೆ ಹೊಸದಲ್ಲ. ಹನ್ನೆರಡನೇ ವಯಸ್ಸಿನಿಂದ ಅಪ್ಪನ ಜೊತೆ ಬೇಟೆಗೆ ಹೋದವಳು. ಮದುವೆಯಾದ ಮೇಲೆ ಮೂವತ್ತು ಚಳಿಗಾಲ ಮರ್ಲ್‌ನ ಪಕ್ಕದಲ್ಲಿ ಕೂತು ತೋಟಾಗಳಿಗೆ ಮದ್ದು ತುಂಬಿದವಳು. ಆದರೆ ಸೀಸ ಕರಗಿಸಿ ಗುಂಡು ಎರೆಯುವುದು ಮಾತ್ರ ಅವನ ಕೆಲಸವಾಗಿತ್ತು. ಆ ಬಿಸಿಯ ಹತ್ತಿರ ಅವಳನ್ನು ಬಿಡುತ್ತಿರಲಿಲ್ಲ. ಈಗ ಅವನು ಎರೆದಿಟ್ಟ ಗುಂಡುಗಳು ಮುಗಿದಿದ್ದವು. ಅವನ ಹಳೆಯ ಬಂದೂಕಿಗೆ ಅಂಗಡಿಯ ಗುಂಡು ಒಗ್ಗುತ್ತಿರಲಿಲ್ಲ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲಕ್ಕೆ ಆರು ವಾರ ಉಳಿದಿತ್ತು.

ಸೀಸಕ್ಕೇನೂ ಬರವಿರಲಿಲ್ಲ. ಊರಿನ ವಾರಪತ್ರಿಕೆ ಹಳೇ ಮುದ್ರಣಯಂತ್ರವನ್ನು ನಿಲ್ಲಿಸಿದಾಗ ಅದರ ಯಜಮಾನ ಅಚ್ಚುಮೊಳೆಯ ಸೀಸವನ್ನೆಲ್ಲ ಮರ್ಲ್‌ಗೆ ಕೊಟ್ಟಿದ್ದ. ಅಂಥ ಗಡಸು ಸೀಸ ಈಗ ಹುಡುಕಿದರೂ ಸಿಗದು. ಮರ್ಲ್ ಅದನ್ನು ಪುಟ್ಟ ಕೇಕು ಬೇಯಿಸುವ ಗುಳಿಗಳಿರುವ ಮಫಿನ್ ತಟ್ಟೆಯಲ್ಲಿ ಎರೆದು, ಅಂಗೈಯಗಲದ ಗಟ್ಟಿಗಳನ್ನು ಮಾಡಿ, ಶೆಡ್ಡಿನ ಗೋಡೆಗೆ ಸಾಲಾಗಿ ಪೇರಿಸಿದ್ದ.

ಬೇಟೆ ಸಾಮಾನಿನ ಅಂಗಡಿಯ ಕೊರೀನ್ ಎರಡು ಪಾತ್ರೆಗಳನ್ನು ತಂದು ಮೇಜಿನ ಮೇಲಿಟ್ಟಳು.

"ಇದು ಒಲೆ ಮೇಲಿಡೋ ಕಬ್ಬಿಣದ್ದು, ಸೌಟಲ್ಲಿ ಮೊಗೆದು ಅಚ್ಚಿಗೆ ಹುಯ್ಬೇಕು. ಇದು ಕರೆಂಟಿಂದು. ಅಡೀಲಿ ತೂತಿದೆ, ಈ ಹಿಡಿ ಎತ್ತಿದ್ರೆ ಸೀಸ ನೇರ ಅಚ್ಚಿಗೇ ಇಳಿಯುತ್ತೆ. ಮೇಲೆ ತೇಲೋ ಕಿಟ್ಟ ಗುಂಡಿಗೆ ಬರಲ್ಲ."

"ತೂತು ಸೋರಲ್ವಾ?"

"ಎಲ್ಲಾ ಸೋರುತ್ತೆ ಮಿಸೆಸ್ ಕೋಲ್‌ಸ್ಟಾಡ್. ಸೋರಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವರ ಹತ್ರ ಏನೂ ತಗೋಬೇಡಿ. ಸೀಸ ಚೊಕ್ಕಟವಾಗಿದ್ರೆ ಕಮ್ಮಿ ಸೋರುತ್ತೆ, ಅಷ್ಟೇ." ಕೊರೀನ್ ಏನೋ ನೆನಪಾದವಳಂತೆ ತಲೆಯೆತ್ತಿದಳು. "ಅಂದ ಹಾಗೆ ನಿನ್ನೆ ವೆಂಡೆಲ್ ಬಂದಿದ್ರು. ನೀವು ಪಾತ್ರೆ ತಗೊಂಡ್ರಾ, ಯಾವ್ದು ತಗೊಂಡ್ರಿ ಅಂತ ಎರಡೆರಡು ಸಲ ಕೇಳಿದ್ರು."

"ಅವನಿಗ್ಯಾಕಂತೆ?"

"ನಂಗೇನು ಗೊತ್ತು? ನಿಮ್ಮ ಪಕ್ಕದ ಮನೆಯವರಲ್ವಾ ಅವರು!"

ಆರ್ಡಿತ್ ಯಾವ ಪಾತ್ರೆಯನ್ನೂ ಕೊಳ್ಳದೆ ಹೊರಬಂದಳು.

ವೆಂಡೆಲ್ ಪ್ರೂ ಬೇಲಿಯಾಚೆಯ ಮನೆಯವನು. ವಯಸ್ಸು ಎಪ್ಪತ್ತು ದಾಟಿತ್ತು. ಆ ವಾರಪತ್ರಿಕೆಯಲ್ಲೇ ಮೂವತ್ತೊಂದು ವರ್ಷ ಮೊಳೆ ಜೋಡಿಸಿದವನು. ಹಿಮ, ಹುಲ್ಲು, ದನ ಇವಿಷ್ಟು ಬಿಟ್ಟರೆ ಬೇರೆ ಮಾತು ಅವನ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. ಮರ್ಲ್ ಸತ್ತ ದಿನ ಬೇಯಿಸಿದ ಆಲೂಗಡ್ಡೆಯ ತಟ್ಟೆ ಹಿಡಿದು ಬಂದವನು ಹೊಸಿಲು ದಾಟದೆ ಹಾಗೇ ಹಿಂತಿರುಗಿದ್ದ. ಆಮೇಲೆ ಒಂದೂವರೆ ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ಅಂಥವನು, ಅವಳು ತಾನೇ ಗುಂಡು ಎರೆಯುತ್ತೇನೆಂದು ಬೇಲಿಯ ಬಳಿ ಬಾಯಿತಪ್ಪಿ ಹೇಳಿದ ಮೇಲೆ, ಒಂದೇ ವಾರದಲ್ಲಿ ಮೂರು ಸಲ ಬಂದಿದ್ದ.

ಅಂದು ಸಂಜೆ ನಾಲ್ಕನೆಯ ಸಲ ಬಂದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಮೆಟ್ಟಿಲ ಬಳಿ ನಿಂತ.

"ಆ ತೂತಿನ ಪಾತ್ರೆ ಮಾತ್ರ ತಗೋಬೇಡ ಆರ್ಡಿತ್. ಸೌಟಿಂದೇ ತಗೋ."

"ಯಾಕೋ?"

"ಕೆಟ್ರೆ ಕೆರೆದು ತೊಳೀಬಹುದು. ತೂತಿಂದು ಕಟ್ಟಿಕೊಂಡ್ರೆ ಮುಗೀತು." ಅವನು ಶೆಡ್ಡಿನ ಕಡೆ ನೋಡಿದ. "ಅವಸರ ಏನಿದೆ? ಇನ್ನೊಂದು ತಿಂಗಳು ತಡಿ."

"ನಾನು ತಡೀತೀನಿ. ಎಲ್ಕ್ ತಡಿಯುತ್ತಾ?"

ಅವನು ನಗಲಿಲ್ಲ. "ಒಳಗೆ ಗಟ್ಟಿ ಎಷ್ಟಿದಾವೆ? ನೂರರ ಮೇಲಿರ್ಬೇಕಲ್ಲ?"

"ನೀನ್ಯಾಕೆ ಲೆಕ್ಕ ಕೇಳ್ತಿದ್ದೀಯ?"

"ಸುಮ್ನೆ ಕೇಳ್ದೆ," ಅಂದವನೇ ಟೋಪಿ ಹಾಕಿಕೊಂಡು ಹೊರಟುಹೋದ.

ಎಪ್ಪತ್ತು ವರ್ಷ ಸುಮ್ಮನೇ ಇದ್ದವನು ಸುಮ್ಮನೆ ಕೇಳುವುದೇ? ಆ ಸೀಸದ ಮೇಲೆ ಊರಿನ ಅರ್ಧ ಬೇಟೆಗಾರರ ಕಣ್ಣಿತ್ತೆಂಬುದು ಅವಳಿಗೆ ಗೊತ್ತಿತ್ತು. ಗಂಡಿಲ್ಲದ ಮನೆ, ಬೆಳಿಗ್ಗೆ ಸಂಜೆ ಬಸ್ಸಿನಲ್ಲಿರುವ ಹೆಂಗಸು. ಕದಿಯುವವನಿಗೆ ಇನ್ನೇನು ಬೇಕು? ಮಾರನೇ ದಿನ ಬೆಳಿಗ್ಗೆ ತಂಗಿಯ ಮಗಳು ಬಿಟ್ಟುಹೋಗಿದ್ದ ಕೆಂಪು ಉಗುರುಬಣ್ಣ ತೆಗೆದುಕೊಂಡು ಶೆಡ್ಡಿಗೆ ಹೋದಳು. ಮೇಲಿನ ಸಾಲಿನ ಇಪ್ಪತ್ತು ಗಟ್ಟಿಗಳ ಅಡಿಯಲ್ಲಿ ಒಂದೊಂದು ಚುಕ್ಕೆ ಇಟ್ಟು, ಮೊದಲಿದ್ದ ಹಾಗೇ ಜೋಡಿಸಿ, ಬೀಗ ಹಾಕಿದಳು.

ಮೂರು ದಿನ ಬಿಟ್ಟು ನೋಡಿದಾಗ ಬೀಗ ಹಾಕಿದ ಹಾಗೇ ಇತ್ತು. ಸಾಲಿನಲ್ಲಿ ಇಪ್ಪತ್ತೂ ಇದ್ದವು. ಆದರೆ ಆರರ ಅಡಿಯಲ್ಲಿ ಚುಕ್ಕೆ ಇರಲಿಲ್ಲ.

ಆರ್ಡಿತ್ ಆ ಆರನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದಳು. ಅದೇ ಆಕಾರ, ಅದೇ ಬೂದುಬಣ್ಣ. ಅಂದರೆ ಕಳ್ಳ ಬರಿಯ ಕಳ್ಳನಲ್ಲ, ಪಾಕಡಾ. ಒಳ್ಳೆಯದನ್ನು ಒಯ್ದು ಕಸವನ್ನು ಅದರ ಜಾಗದಲ್ಲಿಟ್ಟು ಹೋಗುತ್ತಿದ್ದಾನೆ, ಮುದುಕಿಗೆ ಗೊತ್ತಾಗದಿರಲಿ ಎಂದು! ಬೀಗದ ಕೈ ಯಾರ ಹತ್ತಿರ ಇರಬಹುದೆಂದು ಯೋಚಿಸಿದಳು. ನಾಲ್ಕು ವರ್ಷದ ಹಿಂದೆ ಮರ್ಲ್‌ಗೆ ಸೊಂಟದ ಆಪರೇಷನ್ ಆಗಿ ಇಬ್ಬರೂ ಹತ್ತು ದಿನ ಆಸ್ಪತ್ರೆಯಲ್ಲಿದ್ದಾಗ, ಕುದುರೆಗೆ ಹುಲ್ಲು ಹಾಕಲೆಂದು ಅವಳೇ ಒಂದು ಬೀಗದ ಕೈಯನ್ನು ವೆಂಡೆಲ್‌ಗೆ ಕೊಟ್ಟಿದ್ದಳು. ವಾಪಸ್ ಕೇಳಿದ ನೆನಪಿರಲಿಲ್ಲ.

ಶೆರೀಫನಿಗೆ ಹೇಳಲಿಲ್ಲ. ಕೈಯಾರೆ ಹಿಡಿಯಬೇಕೆಂಬ ಹಟ ಬಂದಿತ್ತು. ಗುರುವಾರ ಮಕ್ಕಳನ್ನು ಶಾಲೆಗೆ ಬಿಟ್ಟವಳು ಎಂದಿನಂತೆ ಮನೆಮುಂದೆ ಬಸ್ಸು ನಿಲ್ಲಿಸಲಿಲ್ಲ. ತಾನಿನ್ನೂ ಬಂದಿಲ್ಲವೆಂದು ಕಳ್ಳ ತಿಳಿಯಲಿ ಎಂದು ಚರ್ಚಿನ ಹಿಂದೆ ನಿಲ್ಲಿಸಿ, ಕಾಲುವೆಯ ದಂಡೆ ಹಿಡಿದು ನಡೆದು ಬಂದಳು. ಬಂದೂಕು ಇದ್ದಿದ್ದರೆ ಎಂದು ಒಮ್ಮೆ ಅನಿಸಿತು. ಸ್ಕೂಲ್ ಬಸ್ಸಿನಲ್ಲಿ ಬಂದೂಕಿಗೆ ಜಾಗವಿಲ್ಲ. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ವೆಂಡೆಲ್ ಮಂಡಿಯೂರಿ ಕೂತು, ಗೋಣಿಚೀಲದೊಳಗಿಂದ ಗಟ್ಟಿಗಳನ್ನು ತೆಗೆದು ಸಾಲಿಗಿಡುತ್ತಿದ್ದ.

"ಒಳ್ಳೇದು ತಗೊಂಡು ಕಸ ಇಡ್ತಿದ್ದೀಯೇನೋ ಕಳ್ಳಾ?"

ಅವನು ಬೆಚ್ಚಿದ. ಕೈಯಲ್ಲಿದ್ದ ಗಟ್ಟಿ ನೆಲಕ್ಕೆ ಬಿತ್ತು. ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು.

"ತಿರುಗಿಸಿ ಹೇಳ್ತಿದ್ದೀಯ ಆರ್ಡಿತ್," ಅಂದ ಮೆಲ್ಲಗೆ. "ಕಸ ಒಯ್ತಿದ್ದೀನಿ. ಒಳ್ಳೇದು ಇಡ್ತಿದ್ದೀನಿ."

"ಸುಳ್ಳು ಹೇಳೋಕೂ ಒಂದು ಮಿತಿ ಇರ್ಬೇಕು!"

"ನಿನ್ನ ಅಡುಗೆಮನೆ ತಕ್ಕಡಿ ತಾ. ಎರಡನ್ನೂ ತೂಗು. ಆಮೇಲೆ ಬೇಕಾದ್ರೆ ಶೆರೀಫನ್ನೇ ಕರಿ."

ಅವನ ಮೇಲೆ ಕಣ್ಣಿಟ್ಟುಕೊಂಡೇ ಹಿಂದೆ ಹಿಂದೆ ಹೆಜ್ಜೆ ಹಾಕಿ ಹೋಗಿ ತಕ್ಕಡಿ ತಂದಳು. ಅವನು ಸಾಲಿನಿಂದ ತೆಗೆದಿಟ್ಟಿದ್ದ, ಚುಕ್ಕೆ ಇದ್ದ ಗಟ್ಟಿ ಹಗುರ. ಅವನ ಚೀಲದ್ದು ಭಾರ. ಐದು ಜೋಡಿ ತೂಗಿದಳು, ಐದೂ ಸಲ ಹಾಗೇ. ಆದರೂ ನಂಬಿಕೆ ಬರಲಿಲ್ಲ. ಅವನೇ ಹೇಳಿದಂತೆ ಬಚ್ಚಲು ತೊಳೆಯುವ ಆ್ಯಸಿಡ್ ತಂದು ಒಂದೊಂದು ತೊಟ್ಟು ಬಿಟ್ಟಳು. ಚುಕ್ಕೆಯಿದ್ದ ಗಟ್ಟಿಯ ಮೇಲೆ ಅದು ಬುರುಬುರು ನೊರೆಯೆದ್ದಿತು. ಇನ್ನೊಂದರ ಮೇಲೆ ನೀರಿನ ಹಾಗೆ ಸುಮ್ಮನೆ ಕೂತಿತು.

"ಸತು," ಅಂದ ವೆಂಡೆಲ್. "ಕಾರಿನ ಚಕ್ರಕ್ಕೆ ಬಡಿಯೋ ತೂಕದ ತುಂಡುಗಳು. ಕರಗಿಸಿ ಅಗ್ಗದ ಸೀಸಕ್ಕೆ ಬೆರೆಸಿದ್ದೆ. ಅಂಥದ್ದೇ ಮಫಿನ್ ತಟ್ಟೆ ನನ್ನ ಹತ್ರಾನೂ ಇತ್ತು. ಆ ಹತ್ತು ದಿನದಲ್ಲಿ ನಿಮ್ಮ ಗಟ್ಟಿ ಐವತ್ತು ಒಯ್ದು, ಜಾಗ ಖಾಲಿ ಕಾಣಬಾರದು ಅಂತ ಇದನ್ನ ಇಟ್ಟೆ."

"ಕೇಳಿದ್ರೆ ಮರ್ಲ್ ಕೊಡ್ತಿರ್ಲಿಲ್ವಾ?"

"ಯಾಕೆ ಕೇಳ್ಬೇಕು?" ಮೊದಲ ಸಲ ಅವನ ದನಿ ಏರಿತು. "ಮೂವತ್ತೊಂದು ವರ್ಷ ಆ ಮೊಳೆಗಳನ್ನ ಈ ಬೆರಳಲ್ಲಿ ಎತ್ತಿದ್ದು ನಾನು. ಯಜಮಾನ ಕೊನೇ ದಿನ ನನ್ನ ಕೈ ಕುಲುಕಿ ಗಡಿಯಾರ ಕೊಟ್ಟ. ಸೀಸ ತನ್ನ ಬೇಟೆ ಗೆಳೆಯನಿಗೆ ಕೊಟ್ಟ." ದನಿ ಮತ್ತೆ ಇಳಿಯಿತು. "ಹಾಗಂತ ಆಗ ಅಂದ್ಕೊಂಡೆ. ಈಗ ನೀನು ಕರಗಿಸ್ತೀನಿ ಅಂದಾಗ ನಿದ್ದೆ ಹತ್ಲಿಲ್ಲ. ಒಯ್ದಿದ್ರಲ್ಲಿ ಉಳಿದಿದ್ದನ್ನೂ, ಹೊರಗೆ ಹುಡುಕಿ ತಂದಿದ್ದನ್ನೂ ಸೇರಿಸಿ ಇಡ್ತಾ ಬಂದೆ. ಇನ್ನೂ ಎಷ್ಟೋ ಬಾಕಿ ಇದಾವೆ. ಅದರಲ್ಲೊಂದು ತೂತಿನ ಪಾತ್ರೆಗೆ ಬಿದ್ರೂ ಸೀಸ ಗಂಟು ಕಟ್ಟಿ ಹೊಸದು ಹಾಳು."

ಆರ್ಡಿತ್ ಅವನ ಮಾತು ಮುಗಿಯುವ ಮುಂಚೆಯೇ ಮೂಲೆಯಲ್ಲಿದ್ದ ಮೂರು ಪಾತ್ರೆಗಳ ಕಡೆ ನೋಡುತ್ತಿದ್ದಳು.

ಮರ್ಲ್ ಒಲೆಯ ಮುಂದೆ ಕೂತಿದ್ದು ಅವಳ ಕಣ್ಣಿಗೆ ಕಟ್ಟಿತು. ಸೀಸ ಗಂಜಿಯ ಹಾಗೆ ಗಂಟುಗಂಟಾಗುತ್ತಿತ್ತು. ಅಚ್ಚು ತೆಗೆದರೆ ಮುರುಟಿದ, ಮೂಗಿಲ್ಲದ ಗುಂಡುಗಳು. ಮೊದಲು ಪಾತ್ರೆಯನ್ನು ಬೈದ. ಎರಡನೆಯದು ತಂದ. ಮೂರನೆಯದೂ ಹಾಗೇ ಆದ ದಿನ ಎರಡೂ ಕೈಯನ್ನು ಅವಳ ಮುಂದೆ ಚಾಚಿ, "ನಡುಗ್ತಿಲ್ಲ ತಾನೇ? ಸರಿಯಾಗಿ ನೋಡಿ ಹೇಳು," ಅಂದಿದ್ದ. ನಡುಗುತ್ತಿರಲಿಲ್ಲ. ಆದರೆ ಆ ವರ್ಷದ ಗುರಿಪಂದ್ಯದಲ್ಲಿ ಅವನ ಗುಂಡುಗಳು ಹಲಗೆಗೇ ತಾಗಲಿಲ್ಲ. ಇಪ್ಪತ್ತೆಂಟು ವರ್ಷ ತಪ್ಪದೆ ಹೋದವನು ಮರುವರ್ಷ ಹೋಗಲೇ ಇಲ್ಲ. ನನಗಿನ್ನು ಆಗಲ್ಲ ಬಿಡು ಎಂದು ಬಂದೂಕಿಗೆ ಎಣ್ಣೆ ಹಚ್ಚಿ ಎತ್ತಿಟ್ಟ. ಆಮೇಲೆ ಹೆಚ್ಚು ದಿನ ಬದುಕಲಿಲ್ಲ.

"ಅವನು ಒಂದ್ಸಲ ಬೇಲಿ ಹತ್ರ ನಿನ್ನನ್ನೇ ಕರೆದು ಕೇಳಿದ್ದ ವೆಂಡೆಲ್. ಸೀಸದ ವಿಷಯ ನಿಂಗೆ ಗೊತ್ತಿರುತ್ತೆ ಅಂತ."

"ಕೇಳಿದ್ದ."

"ಏನಂದೆ?"

"ಪಾತ್ರೇದೇ ತಪ್ಪಿರ್ಬೇಕು ಅಂದೆ."

ಹೊಡೆದುಬಿಡುತ್ತಾಳೇನೋ ಎಂಬಂತೆ ಅವನು ಕಣ್ಣು ಮುಚ್ಚಿ ನಿಂತ. ಆರ್ಡಿತ್ ಹೊಡೆಯಲಿಲ್ಲ. ಸೀಸ ಹೋದದ್ದಕ್ಕೆ ಅವಳಿಗೆ ಹಿಡಿಯಷ್ಟೂ ದುಃಖವಾಗಲಿಲ್ಲ. ಗಂಡ ತನ್ನ ಕೈಯನ್ನೇ ತಾನು ಅನುಮಾನಿಸಿಕೊಂಡು ಸತ್ತನಲ್ಲ, ಅದು ಮಾತ್ರ ಎದೆಯಲ್ಲಿ ಕೂತು ಒತ್ತುತ್ತಿತ್ತು.

"ಬೀಗದ ಕೈ ಇಲ್ಲಿಡು," ಅಂದಳು. "ಶನಿವಾರ ಬಂದೂಕು ಕ್ಲಬ್ಬಿನ ಊಟ ಇದೆ. ಅಲ್ಲಿ ಎಲ್ಲರ ಮುಂದೆ ಇದನ್ನೇ ಹೇಳ್ತೀಯ. ಒಂದಕ್ಷರ ಬಿಡಬಾರದು."

"ಆರ್ಡಿತ್, ಈ ವಯಸ್ಸಲ್ಲಿ..."

"ಅವನಿಗೂ ವಯಸ್ಸಾಗಿತ್ತು."

ಬರುತ್ತಾನೆಂದು ಅವಳು ನಂಬಿರಲಿಲ್ಲ. ಶನಿವಾರ ಗುರಿಮೈದಾನದ ಮರದ ಮನೆಯಲ್ಲಿ ಮಾಂಸ, ಬೀನ್ಸು ಹಾಕಿದ ಖಾರದ ಸಾರಿನ ಪಾತ್ರೆ ಅರ್ಧ ಖಾಲಿಯಾಗುವವರೆಗೂ ಅವಳ ಕಣ್ಣು ಬಾಗಿಲ ಮೇಲೇ ಇತ್ತು. ಅವನ ಟ್ರಕ್ಕು ಬಂದು ನಿಂತ ಮೇಲೂ, ಒಳಬರದೆ ತಿರುಗಿಸಿಕೊಂಡು ಹೋಗುತ್ತಾನೆ ಅಂದುಕೊಂಡಳು. ಬಂದ. ಬಾಗಿಲ ಹತ್ತಿರವೇ ನಿಂತು, ಯಾರನ್ನೂ ನೋಡದೆ, ಕದ್ದದ್ದು, ಬೆರೆಸಿದ್ದು, ಮರ್ಲ್ ಕೇಳಿದಾಗ ಹೇಳಿದ್ದು, ಎಲ್ಲವನ್ನೂ ಒಪ್ಪಿಕೊಂಡ.

ಕ್ಲಬ್ಬಿನ ಹಿರಿಯ ಐವರ್ ಮೆಕ್ಕೆಜೋಳದ ಬ್ರೆಡ್ಡಿನ ತುಂಡನ್ನು ತಟ್ಟೆಗೆ ಹಾಕಿದ. "ಅವನ ಕಣ್ಣು ಹೋಯ್ತು ಅಂದ್ಕೊಂಡಿದ್ವಲ್ಲೋ ನಾವೆಲ್ಲ," ಅಂದ. "ನಾನಂತೂ ಅವನೆದುರೇ ತಮಾಷೆ ಮಾಡಿದ್ದೆ. ಕನ್ನಡಕದಂಗಡಿಗೆ ಹೋಗೋ ಅಂತ."

ವೆಂಡೆಲ್ ಊಟ ಮಾಡದೆ ಹೋದ. ಆರ್ಡಿತ್ ತನ್ನ ತಟ್ಟೆ ತೊಳೆದಿಟ್ಟು ಹೊರಬಂದು ಟ್ರಕ್ಕಿನಲ್ಲಿ ಕೂತಳು. ಗಾಡಿ ಶುರುಮಾಡಲು ಆಗಲಿಲ್ಲ. ಮರ್ಲ್ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಸೋಮವಾರ ಕೊರೀನ್‌ಳ ಅಂಗಡಿಗೆ ಹೋಗಿ ಅಡಿಯಲ್ಲಿ ತೂತಿದ್ದ ಪಾತ್ರೆಯನ್ನೇ ತಂದಳು. ಎರಡು ದಿನ ಕೂತು ಗೋಡೆಯ ಸಾಲಿನ ಪ್ರತಿ ಗಟ್ಟಿಗೂ ಆ್ಯಸಿಡ್ ಮುಟ್ಟಿಸಿದಳು, ವೆಂಡೆಲ್ ಇಟ್ಟುಹೋದವಕ್ಕೂ ಬಿಡದೆ. ನೊರೆ ಬಂದದ್ದನ್ನೆಲ್ಲ ಬಕೆಟ್ಟಿಗೆ ತುಂಬಿ ಅವನ ಗೇಟಿನ ಮುಂದೆ ಸುರಿದು ಬಂದಳು. ಆಮೇಲೆ ಬಾಗಿಲು ಕಿಟಕಿ ತೆರೆದು, ದಪ್ಪ ಕೈಗವಸು ತೊಟ್ಟು, ಮೊದಲ ಸಲ ಹಿಡಿ ಎತ್ತಿದಳು. ಸೀಸ ಬೆಳ್ಳಿಯ ದಾರದಂತೆ ಅಚ್ಚಿಗೆ ಇಳಿಯಿತು. ಮೊದಲ ಹತ್ತು ಗುಂಡು ಸುಕ್ಕಾದವು. ಅಚ್ಚು ಇನ್ನೂ ತಣ್ಣಗಿತ್ತು. ಹನ್ನೊಂದನೆಯದು ನುಣ್ಣಗೆ, ತುಂಬಿಕೊಂಡು ಬಿದ್ದಿತು.

ಬೇಟೆಯ ಮೂರನೇ ದಿನ ಬೆಳಿಗ್ಗೆ, ಎಂಬತ್ತು ಗಜ ದೂರದಲ್ಲಿ ಅವಳಿಗೆ ಹೆಣ್ಣು ಎಲ್ಕ್ ಸಿಕ್ಕಿತು. ಒಂದೇ ಗುಂಡು ಸಾಕಾಯಿತು. ಮರ್ಲ್ ಇದ್ದಾಗ ಪ್ರತಿವರ್ಷ ಹಿಂಗಾಲಿನ ತೊಡೆಮಾಂಸದ ಒಂದು ದೊಡ್ಡ ತುಂಡನ್ನು ಕಾಗದದಲ್ಲಿ ಸುತ್ತಿ ವೆಂಡೆಲ್‌ನ ಜಗಲಿಯ ಮೇಲಿಟ್ಟು ಬರುವುದು ವಾಡಿಕೆ. ಆರ್ಡಿತ್ ಐವರ್‌ಗೆ ಕೊಟ್ಟಳು, ಕೊರೀನ್‌ಗೆ ಕೊಟ್ಟಳು, ಚರ್ಚಿಗೂ ಕೊಟ್ಟಳು. ವೆಂಡೆಲ್‌ನ ಪಾಲನ್ನು ಕತ್ತರಿಸಿ, ಸುತ್ತಿ, ಕೈಯಲ್ಲಿ ಹಿಡಿದು ಬೇಲಿಯವರೆಗೂ ನಡೆದಳು. ಅವನ ಕಿಟಕಿಯಲ್ಲಿ ಪರದೆ ಅಲುಗಿದ್ದು ಕಾಣಿಸಿತು.

ಹಿಂತಿರುಗಿ ಬಂದು ಅದನ್ನು ತನ್ನ ಫ್ರೀಜರಿನಲ್ಲೇ ಇಟ್ಟಳು. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ.