ಹೊಲಿದಿಟ್ಟ ಮನೆ

ಪೇಂಟರನಿಗೆ ಜಗತ್ತೆಲ್ಲ ಮುಂಭಾಗವೇ. ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು. ಒಳಗೆ ಏನು ಮಾರುತ್ತಾರೆ ಎನ್ನುವುದಕ್ಕಿಂತ ಹೊರಗಿನ ಅಕ್ಷರ ನೆಟ್ಟಗೆ ಕೂತಿದೆಯೇ ಎನ್ನುವುದೇ ಅವನಿಗೆ ದೊಡ್ಡದು. ಇಂಥವನು ಸ್ವಂತ ಮನೆ ಕಟ್ಟಿಸಲು ಹೊರಟರೆ ನಕ್ಷೆ ಬರೆಯುವವರ ಗತಿ ಏನಾಗಬೇಡ! ಇಂಜಿನಿಯರಮ್ಮ ಆಗಲೇ ಆರು ಸಲ ತಿದ್ದಿದ್ದರು. ಕಿಟಕಿಯ ಮೇಲಿನ ಸಜ್ಜಾ ಎರಡು ಇಂಚು ಹೆಚ್ಚು ಚಾಚಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

"ಮುಖ ಒಂದು ಸರಿಯಾದ್ರೆ ಸಾಕು ಮೇಡಂ."

"ಮನೆಗೆ ಮುಖ ಮಾತ್ರ ಅಲ್ಲ, ಹೊಟ್ಟೇನೂ ಇರುತ್ತೆ," ಎಂದು ಅವರು ನಗುತ್ತಿದ್ದರು.

ಹೊಟ್ಟೆಯ ಉಸ್ತುವಾರಿ ಅವನ ಹೆಂಡತಿಯದು. ಅವಳು ಟೈಲರ್. ಕಣ್ಣಿನ ನರ ಸೊರಗುತ್ತಿದೆ, ವರ್ಷದೊಳಗೆ ಪೂರ್ತಿ ಕತ್ತಲಾಗುತ್ತದೆ ಎಂದು ಡಾಕ್ಟರು ಹೇಳಿದ ದಿನ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮಾರನೆಯ ದಿನ ಗಟ್ಟಿ ಕ್ಯಾನ್ವಾಸ್ ಬಟ್ಟೆಯೊಂದನ್ನು ಮೇಜಿನ ಮೇಲೆ ಹಾಸಿಕೊಂಡು ಕೂತಳು. ನಕ್ಷೆ ನೋಡಿಕೊಂಡು ಗೋಡೆಗಳನ್ನೆಲ್ಲ ದಪ್ಪ ದಾರದಲ್ಲಿ ಹೊಲಿದಳು. ಬಾಗಿಲಿದ್ದಲ್ಲಿ ಒಂದೊಂದು ಅಂಗಿಗುಂಡಿ, ಕಿಟಕಿಯಿದ್ದಲ್ಲಿ ಒಂದೊಂದು ಹುಕ್ಕು.

"ಇದೇನೇ ಇದು, ಮನೆಗೇ ಅಂಗಿ ಹೊಲೀತಿದೀಯಾ?"

"ನಗಬೇಡಿ ರೀ. ಕಣ್ಣು ಹೋಗೋ ಹೊತ್ತಿಗೆ ಮನೆ ನನಗೆ ಬಾಯಿಪಾಠ ಆಗಿರಬೇಕು. ನನ್ನ ಮನೇಲಿ ನಾನು ಯಾರ ಕೈಯೂ ಹಿಡೀದೆ ಓಡಾಡಬೇಕು. ನಾನು ಕೇಳೋದು ಅಷ್ಟೇ."

ಅಂದಿನಿಂದ ದಿನಾ ಸಂಜೆ ಕಣ್ಣು ಮುಚ್ಚಿಕೊಂಡು ದಾರದ ಗುಂಟ ಬೆರಳಾಡಿಸುವಳು, ಆಮೇಲೆ ಬಾಡಿಗೆ ಮನೆಯ ಅಂಗಳದಲ್ಲಿ ನಡೆದು ರೂಢಿ ಮಾಡುವಳು. ಗೇಟಿನಿಂದ ನೆಟ್ಟಗೆ ಹನ್ನೆರಡು ಹೆಜ್ಜೆ ಇಟ್ಟರೆ ಮುಂಬಾಗಿಲು. ಹಾಸಿಗೆಯಿಂದ ಬಚ್ಚಲಿಗೆ ಎಂಟು. ನಕ್ಷೆ ಬದಲಾದಾಗಲೆಲ್ಲ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವಳು. "ನಿಮ್ಮ ಹುಚ್ಚಿಗೆ ನನ್ನ ದಾರದುಂಡೆ ಖಾಲಿ ಆಯ್ತು," ಎಂದು ಬೈದುಕೊಂಡೇ ಬಿಚ್ಚುವಳು.

ಏಳನೆಯ ತಿದ್ದುಪಡಿ ಪೇಂಟರನ ಕಣ್ಣಿನ ಚಪಲ. ಮುಂಬಾಗಿಲು ಗೋಡೆಯ ನಡುವೆ ಇರಲಿಲ್ಲ. ಕೊಂಚ ಬಲಕ್ಕೆ ಇತ್ತು. ಅದನ್ನು ಕಂಡಾಗಲೆಲ್ಲ ವಾರೆಯಾದ ಬೋರ್ಡು ಕಂಡ ಹಾಗೆ ಅವನ ಕೈ ತುರಿಸುತ್ತಿತ್ತು.

"ಮೂರಡಿ ಎಡಕ್ಕೆ ತಂದುಬಿಡಿ ಮೇಡಂ."

"ತರಬಹುದು. ಆದರೆ ಜೊತೆಗೆ ಗೇಟು ಸರಿಸೋಕಾಗಲ್ಲ, ಆ ಕಡೆ ಎದುರಿಗೇ ದೀಪದ ಕಂಬ ಇದೆ. ನಿಮ್ಮ ಮನೆಯವರ ಹೆಜ್ಜೆ ತಪ್ಪುತ್ತಲ್ಲ? ಅವರಿಗೆ ಹೇಳಿದೀರಾ?"

"ಇವತ್ತೇ ಹೇಳ್ತೀನಿ."

ಹೇಳಬೇಕೆಂದೇ ಮನೆಗೆ ಹೋದ. ಅವಳು ಸೂಜಿ ಹಿಡಿದು ಕೂತಿದ್ದಳು. ದಾರದ ತುದಿಯನ್ನು ನಾಲಿಗೆಗೆ ಒತ್ತಿ ಹೊಸೆದು ಸೂಜಿಯ ಕಣ್ಣಿಗೆ ಹಿಡಿಯುವಳು, ತಪ್ಪುವಳು, ಮತ್ತೆ ಹಿಡಿಯುವಳು. ಕೊನೆಗೆ ಎರಡನ್ನೂ ಮಡಿಲಿಗೆ ಹಾಕಿಕೊಂಡಳು.

"ಆಗ್ತಿಲ್ಲ ರೀ. ಇನ್ನು ಮುಗೀತು," ಎಂದಳು. ಆಮೇಲೆ, "ಸದ್ಯ, ನಮ್ಮ ಮನೆ ಹೊಲಿದಾಗಿತ್ತು," ಎಂದು ಕ್ಯಾನ್ವಾಸ್ ಬಟ್ಟೆಯನ್ನು ಎದೆಗೆ ಒತ್ತಿಕೊಂಡಳು.

ಇವಳಿಗೆ ಬಿಚ್ಚು ಎಂದು ಹೇಗೆ ಹೇಳುವುದು? ಹೇಳದೆಯೇ ಕೈಕಾಲು ತೊಳೆಯಲು ಹೋದ. ವಾರದ ನಂತರ ಇಂಜಿನಿಯರಮ್ಮ ಕೇಳಿದಾಗ "ಹೇಳಿದೀನಿ, ಒಪ್ಪಿದ್ಲು," ಎಂದುಬಿಟ್ಟ. ಹಾಗಾದರೆ ಬಾಗಿಲನ್ನು ಮೊದಲಿದ್ದಲ್ಲೇ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿಡಬಹುದಿತ್ತು. ಆ ಮುಂಭಾಗದ ಮೇಲೆ ಅವನಿಗೆ ಅಷ್ಟು ಮೋಹ ಹತ್ತಿತ್ತು, ಬಿಡಲಿಲ್ಲ. ಕೆಲಸ ನಡೆಯುವಾಗ ಅವಳು ಬರುತ್ತೇನೆಂದರೆ, ಕಂಬಿ, ಜಲ್ಲಿ ಬಿದ್ದಿದೆ, ಎಡವುತ್ತೀಯ ಎಂದು ತಡೆದ. ಅವಳು ನಂಬಿದಳು.

ಹೊಸ ಮನೆಗೆ ಬಂದ ದಿನದ ಹೊತ್ತಿಗೆ ಅವಳಿಗೆ ಪೂರ್ತಿ ಕತ್ತಲಾಗಿತ್ತು. ಕ್ಯಾನ್ವಾಸ್ ಬಟ್ಟೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಇಂಜಿನಿಯರಮ್ಮ ಗೇಟಿನ ಹತ್ತಿರ ನಿಂತಿದ್ದರು.

"ಕೈ ಬಿಡಿ ರೀ," ಎಂದಳು. ಈ ಹೊತ್ತು ಬರುತ್ತದೆಂದು ಅವನಿಗೆ ಗೊತ್ತಿತ್ತು. ಹೇಗಾದರೂ ಕೈ ಹಿಡಿದು ದಾಟಿಸಿಬಿಡುತ್ತೇನೆ ಎಂದುಕೊಂಡಿದ್ದ.

ಅವಳು ಜೋರಾಗಿ ಎಣಿಸುತ್ತ ನಡೆದಳು. ಹನ್ನೆರಡನೆಯ ಹೆಜ್ಜೆಗೆ ಚಾಚಿದ ಕೈ ಗೋಡೆಗೆ ತಾಗಿತು. ಒಂದು ಕ್ಷಣ ನಿಂತು ನಕ್ಕಳು.

"ಸಂಭ್ರಮ ನೋಡಿ, ಹೆಜ್ಜೆ ವಾಲಿತು."

ಗೇಟಿಗೆ ಮರಳಿ, ಕಂಬಿಗೆ ಬೆನ್ನು ಒತ್ತಿ ನೆಟ್ಟಗೆ ನಿಂತು, ಮತ್ತೆ ಹೊರಟಳು. ಮತ್ತೆ ಗೋಡೆ. ಮೂರನೆಯ ಸಲ ಕೈ ಚಾಚದೆ ನಂಬಿಕೆಯಿಂದ ನಡೆದಳು, ಹಣೆ ಬಡಿಯಿತು. ಇಂಜಿನಿಯರಮ್ಮ ಪೇಂಟರನ ಮುಖವನ್ನೇ ನೋಡಿದರು. ಅವನು ತಲೆ ತಗ್ಗಿಸಿದ.

"ಇಷ್ಟು ದಿನ ಕಲಿತದ್ದೂ ನಿಲ್ತಿಲ್ಲ ರೀ," ಎಂದು ಅವಳು ಗೋಡೆಗೆ ಅಂಗೈ ಇಟ್ಟು ಅಳತೊಡಗಿದಳು. "ಕಣ್ಣಿನ ಜೊತೆ ತಲೇನೂ ಹೋಯ್ತು ನಂದು."

ಅವನಿಗೆ ತಡೆಯಲಾಗಲಿಲ್ಲ. "ನೀನು ಸರಿ ಕಣೇ. ತಪ್ಪು ನಂದು. ಬಾಗಿಲು ಸರಿಸಿದೆ."

"ಯಾವಾಗ?"

"ನಿನಗೆ ದಾರ ಪೋಣಿಸೋಕೆ ಆಗಲಿಲ್ವಲ್ಲ, ಆವತ್ತು."

ಅವಳು ಅಳು ನಿಲ್ಲಿಸಿದಳು. ಕ್ಯಾನ್ವಾಸ್ ಬಟ್ಟೆಯ ಮಡಿಕೆ ಬಿಚ್ಚಿ, ಬೆರಳಿನಿಂದ ಹುಡುಕಿ ಮುಂಬಾಗಿಲಿನ ಗುಂಡಿಯನ್ನು ಮುಟ್ಟಿದಳು.

"ಒಂದು ಗುಂಡಿ ಕಿತ್ತು ಪಕ್ಕಕ್ಕೆ ಹಾಕೋದು, ಅಷ್ಟೇ ತಾನೇ? ನೀವೇ ಹಾಕಿದ್ರೂ ಆಗ್ತಿತ್ತು." ಆಮೇಲೆ ಮೆಲ್ಲಗೆ ಕೇಳಿದಳು, "ಇನ್ನೇನೇನು ಸರಿಸಿದೀರಿ?"

"ನಿನ್ನಾಣೆಗೂ ಇನ್ನೇನೂ ಇಲ್ಲ."

ಅವಳು ಗಾಳಿಯಲ್ಲಿ ಕೈ ಚಾಚಿದಳು. "ಹಿಡ್ಕೊಳ್ಳಿ."

ಅಂದು ಮಧ್ಯಾಹ್ನವೇ ಅವನು ಒರಟು ಬೆರಳುಗಳಿಂದ ಆ ಗುಂಡಿಯನ್ನು ಕಿತ್ತು ಸರಿಯಾದ ಜಾಗಕ್ಕೆ ಹೊಲಿದ. ಎರಡು ಸಲ ಸೂಜಿ ಚುಚ್ಚಿಸಿಕೊಂಡ. ಅವಳು ಮುಟ್ಟಿ ನೋಡಿ, "ಚೆನ್ನಾಗಿ ಕೂತಿದೆ," ಎಂದು ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿದಳು. ಮತ್ತೆ ತೆಗೆಯಲಿಲ್ಲ.

ಮನೆಯೊಳಗೆ ಉಳಿದದ್ದೆಲ್ಲ ಅವಳು ಹೊಲಿದ ಹಾಗೆಯೇ ಇದೆ, ಒಂದಿಂಚು ಆಚೀಚೆ ಇಲ್ಲ. ಹಾಸಿಗೆಯಿಂದ ಬಚ್ಚಲಿಗೆ ಎಂಟೇ ಹೆಜ್ಜೆ. ಎಂಟೇ ಕಣೇ, ನಾನು ಅಳೆದು ನೋಡಿದೀನಿ, ಎಂದು ಅವನು ಗೋಗರೆಯುತ್ತಾನೆ. ಅವಳು ಮಂಚದ ಅಂಚಿನಲ್ಲಿ ಕೂತು, ಅವನು ಬರುವವರೆಗೆ ಕಾಯುತ್ತಾಳೆ.

ಮೊನ್ನೆ ಅವನು ಗೇಟಿಗೆ ಬಣ್ಣ ಬಳಿಯುತ್ತಿದ್ದಾಗ ದಾರಿಹೋಕನೊಬ್ಬ ಸೈಕಲ್ ನಿಲ್ಲಿಸಿ, "ಎಂಥಾ ಮನೆ ಸ್ವಾಮಿ! ಮುಂಭಾಗ ನೋಡೋಕೆ ಎರಡು ಕಣ್ಣು ಸಾಲಲ್ಲ," ಎಂದ. ಅಷ್ಟರಲ್ಲಿ ಒಳಗಿನಿಂದ "ರೀ" ಎಂಬ ಕೂಗು ಬಂತು. ಪೇಂಟರ್ ಬ್ರಷ್ ಕೆಳಗಿಟ್ಟು, ಕೈ ಒರೆಸಿಕೊಂಡು, ಅವಳನ್ನು ಬಚ್ಚಲಿಗೆ ಕರೆದೊಯ್ಯಲು ಒಳಗೆ ಹೋದ.